ಮಾದರಿ ಕಟ್ಟಡದ ಕಿಟಕಿ, ಬೋರ್ಡುಗಳು ಅಂಟಿಸಿದ ಚಿತ್ರದಂತೆ ಕಾಣದಿರಲು

ಪ್ರಶ್ನೆ: 1:87 ಅಳತೆಯಲ್ಲಿ, ಅಂದರೆ ಎಚ್‌ಒ ಸ್ಕೇಲಿನಲ್ಲಿ, ನಮ್ಮ ಕಡೆಯ ಒಂದು ಸಣ್ಣ ರೈಲು ನಿಲ್ದಾಣವನ್ನೂ ಅದರ ಎದುರಿನ ಅಂಗಡಿ ಸಾಲನ್ನೂ ಮಾಡುತ್ತಿದ್ದೇನೆ. ಗೋಡೆಗಳು 3 ಮಿ.ಮೀ. ಸನ್‌ಬೋರ್ಡಿನವು (ಹಗುರವಾದ ಫೋಮ್ ಹಲಗೆ). ಕಿಟಕಿ, ಶಟರ್, ಅಂಗಡಿ ಬೋರ್ಡು, ನಿಲ್ದಾಣದ ಹಳದಿ ಫಲಕ ಎಲ್ಲವನ್ನೂ ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಅಂಟಿಸಿದ್ದೇನೆ. ಕಿಟಕಿಗಳು ಸ್ಟಿಕ್ಕರಿನಂತೆ ಕಾಣುತ್ತವೆ, ಸಣ್ಣ ಕನ್ನಡ ಅಕ್ಷರಗಳು ಕಲಸಿಹೋಗುತ್ತವೆ, ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ. ಒಳ್ಳೆಯ ಪ್ರಿಂಟರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಅಕ್ಷರಗಳು ಕಲಸಿಹೋಗುವುದರಲ್ಲಿ ಪ್ರಿಂಟರಿನ ಪಾಲು ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಉಳಿದ ಎರಡು ತೊಂದರೆಗಳನ್ನು ಎಷ್ಟು ಬೆಲೆಯ ಪ್ರಿಂಟರ್ ತಂದರೂ ಬಗೆಹರಿಸಲಾಗದು. ಅವು ಏನನ್ನು ಮುದ್ರಿಸಬೇಕು, ಏನನ್ನು ಕತ್ತರಿಸಿ ಕಟ್ಟಬೇಕು ಎಂಬ ತೀರ್ಮಾನಕ್ಕೆ ಸೇರಿದವು. ನಾನು ಪಾಲಿಸುವ ನಿಯಮ ಒಂದೇ: ನಿಜವಾದ ಕಟ್ಟಡದಲ್ಲಿ ಯಾವುದು ಚಪ್ಪಟೆಯಾಗಿದೆಯೋ ಅದನ್ನು ಮುದ್ರಿಸಿ, ಯಾವುದಕ್ಕೆ ಆಳವಿದೆಯೋ ಅದನ್ನು ಪದರಗಳಾಗಿ ಬಿಡಿಸಿ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ಮುದ್ರಿಸಿ. ಬೋರ್ಡು ಚಪ್ಪಟೆ, ಆದ್ದರಿಂದ ಕಾಗದ ಅದಕ್ಕೆ ಹೇಳಿ ಮಾಡಿಸಿದ ಸಾಮಗ್ರಿ. ಕಿಟಕಿ ಚಪ್ಪಟೆಯಲ್ಲ. ಅದು ಗೋಡೆಯಲ್ಲಿರುವ ಒಂದು ಗುಂಡಿ. ಆ ಗುಂಡಿಯೊಳಗೆ ಚೌಕಟ್ಟು, ಅದರಾಚೆ ಸರಳು, ಅದರಾಚೆ ಕತ್ತಲು. ನೀವು ಈ ನಾಲ್ಕನ್ನೂ ಒಂದೇ ಕಾಗದದ ಮೇಲೆ ತಂದು ಗೋಡೆಯ ಹೊರಮೈಗೆ ಅಂಟಿಸಿದ್ದೀರಿ. ಸ್ಟಿಕ್ಕರಿನಂತೆ ಕಾಣುವುದು ಅದಕ್ಕೇ.

ಕತ್ತರಿ ಹಿಡಿಯುವ ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. 1:87 ಮಾದರಿಯನ್ನು ನೀವು 60 ಸೆಂ.ಮೀ. ದೂರದಿಂದ ನೋಡುತ್ತಿದ್ದರೆ, ಅದು ನಿಜವಾದ ಕಟ್ಟಡವನ್ನು ಸುಮಾರು 52 ಮೀಟರ್ ದೂರದಿಂದ ನೋಡಿದ ಹಾಗೆ. ನಿಮ್ಮ ಊರಿನ ಯಾವುದಾದರೂ ಹಳೆಯ ಕಟ್ಟಡದಿಂದ ಅಷ್ಟು ದೂರ ನಿಂತು ಕಿಟಕಿಯನ್ನು ನೋಡಿ. ಮರದ ಎಳೆ ಕಾಣುವುದಿಲ್ಲ. ಚಿಲಕ ಕಾಣುವುದಿಲ್ಲ. ಕಾಣುವುದು ಒಂದು ಗಾಢವಾದ ಚೌಕ, ಅದರ ಮೇಲಂಚಿನಲ್ಲಿ ಸಜ್ಜಾ ಎಂಬ ಮುಂಚಾಚಿನ ನೆರಳು, ಚೌಕಟ್ಟಿನ ಬಣ್ಣ, ಸರಳುಗಳ ಸಣ್ಣ ಸುಳಿವು. ಅಂತರ್ಜಾಲದಲ್ಲಿ ಸಿಗುವ ಕಿಟಕಿ ಚಿತ್ರಗಳಲ್ಲಿ ಹೆಚ್ಚಿನವು ಎರಡು ಮೀಟರ್ ದೂರದಿಂದ ತೆಗೆದ ಫೋಟೋಗಳು. ಅವುಗಳಲ್ಲಿರುವ ವಿವರವೆಲ್ಲ ಕುಗ್ಗಿ ಬಂದಾಗ ಕಣ್ಣು ನಂಬುವುದಿಲ್ಲ, ಏಕೆಂದರೆ ಆ ದೂರದಲ್ಲಿ ಅಷ್ಟು ವಿವರವನ್ನು ಅದು ಎಂದೂ ಕಂಡಿಲ್ಲ.

ಇನ್ನು ಕಿಟಕಿಯ ಬಣ್ಣ. ಹೊಸಬರು ಗಾಜಿಗೆ ತಿಳಿನೀಲಿ ಬಣ್ಣ ಹಾಕುತ್ತಾರೆ. ಹಗಲಿನಲ್ಲಿ ಹೊರಗಿನ ಬೆಳಕು ಕೋಣೆಯೊಳಗಿನ ಬೆಳಕಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಹಾಗಾಗಿ ಹೊರಗಿನಿಂದ ನೋಡಿದವರಿಗೆ ಕಿಟಕಿ ಬಹುಪಾಲು ಕಪ್ಪಾಗಿಯೇ ಕಾಣುತ್ತದೆ. ಗಾಜಿನ ನೇರ ಎದುರು ನಿಂತಾಗ ಅದು ಪ್ರತಿಫಲಿಸುವುದು ಬಿದ್ದ ಬೆಳಕಿನ ಶೇಕಡ 8ರಷ್ಟು ಮಾತ್ರ. ಓರೆಯಾಗಿ ನೋಡಿದಾಗ ಅದು ಏರುತ್ತದೆ, ಆಗಷ್ಟೇ ಗಾಜಿನಲ್ಲಿ ಆಕಾಶ ಕಾಣುವುದು. ನಿಮ್ಮ ಮಾದರಿಯಲ್ಲಿ ನಿಜವಾದ ಪಾರದರ್ಶಕ ಹಾಳೆ ಇದ್ದರೆ ಈ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ, ಪ್ರತಿಫಲನವನ್ನು ಮುದ್ರಿಸುವ ಅಗತ್ಯವೇ ಇಲ್ಲ. ಅಷ್ಟಕ್ಕೂ ನಮ್ಮ ಹಳೆಯ ನಿಲ್ದಾಣ, ಮನೆ, ಶಾಲೆಗಳ ಎಷ್ಟೋ ಕಿಟಕಿಗಳಲ್ಲಿ ಗಾಜೇ ಇರುವುದಿಲ್ಲ. ಸರಳು ಮತ್ತು ಮರದ ಕದ ಅಷ್ಟೆ.

ಈ ಸರಳುಗಳು ನಮ್ಮ ಪಾಲಿಗೆ ದೊಡ್ಡ ಅನುಕೂಲ. ಮನೆ, ಅಂಗಡಿಗಳ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ; ಬಿಳಿ ಎಂದರೆ ಖಾಲಿ ಬಿಟ್ಟ ಕಾಗದ. ಆದ್ದರಿಂದ ಪಾರದರ್ಶಕ ಹಾಳೆಯ ಮೇಲೆ ಬಿಳಿ ಚೌಕಟ್ಟು ಮುದ್ರಿಸಲಾಗದು, ತಿಳಿಬಣ್ಣಗಳೂ ಮಾಯವಾಗುತ್ತವೆ. ಐರೋಪ್ಯ ಮಾದರಿಗಳನ್ನು ಮಾಡುವವರಿಗೆ ಬಿಳಿ ಚೌಕಟ್ಟಿನ ಗಾಜಿನ ಕಿಟಕಿಗಳೇ ಹೆಚ್ಚು ಬೇಕಾದ್ದರಿಂದ ಅವರು ಇದಕ್ಕಾಗಿ ಬಹಳ ಕಷ್ಟಪಡುತ್ತಾರೆ. ನಮಗೆ ಬೇಕಾದದ್ದು ಗಾಢ ಬಣ್ಣದ ತೆಳು ಗೆರೆಗಳು. 12 ಮಿ.ಮೀ. ಸರಳು ಈ ಅಳತೆಯಲ್ಲಿ 0.14 ಮಿ.ಮೀ. ಆಗುತ್ತದೆ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟರ್ ಒಂದು ಮಿ.ಮೀ. ಜಾಗದಲ್ಲಿ ಸುಮಾರು 24 ಚುಕ್ಕೆಗಳನ್ನು ಇಡುತ್ತದೆ, ಅಂದರೆ ಒಂದು ಸರಳಿಗೆ ಮೂರು ಚುಕ್ಕೆ. ಸಾಕು. ಇಷ್ಟು ತೆಳ್ಳಗಿನ ಸರಳನ್ನು ತಂತಿಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಇಷ್ಟು ನೇರವಾಗಿ ಕೈಯಲ್ಲಿ ಕೂರಿಸುವುದು ತೀರಾ ಕಷ್ಟ. ನಾಲ್ಕು ಇಂಚಿಗೊಂದರಂತೆ ಸರಳಿದ್ದರೆ ಗೆರೆಗಳ ನಡುವಿನ ಅಂತರ 1.17 ಮಿ.ಮೀ. ಇರಲಿ. ಬಣ್ಣ ಅಚ್ಚ ಕಪ್ಪಾಗದಿರಲಿ, ಹಿಂದಿನ ಕತ್ತಲಲ್ಲಿ ಗೆರೆ ಕರಗಿಹೋಗುತ್ತದೆ. ಕಂದುಮಿಶ್ರಿತ ಬೂದು ಬಣ್ಣ ಚೆನ್ನ.

ಇಲ್ಲಿ ಒಂದು ಎಚ್ಚರಿಕೆ. ಒಎಚ್‌ಪಿ ಶೀಟುಗಳಲ್ಲಿ, ಅಂದರೆ ಈ ಪಾರದರ್ಶಕ ಹಾಳೆಗಳಲ್ಲಿ, ಲೇಸರ್‌ಗೆ ಬೇರೆ, ಇಂಕ್‌ಜೆಟ್‌ಗೆ ಬೇರೆ ಬಗೆ ಇರುತ್ತದೆ. ಇಂಕ್‌ಜೆಟ್ ಶೀಟನ್ನು ಲೇಸರ್ ಯಂತ್ರಕ್ಕೆ ಹಾಕಿದರೆ ಒಳಗಿನ ಬಿಸಿಗೆ ಕರಗಿ ರೋಲರಿಗೆ ಅಂಟಿಕೊಳ್ಳಬಹುದು. ಜೆರಾಕ್ಸ್ ಅಂಗಡಿಯವರು ಅಪರಿಚಿತ ಶೀಟು ಕಂಡರೆ ಹಿಂಜರಿಯುವುದು ಇದೇ ಕಾರಣಕ್ಕೆ. ಶೀಟನ್ನು ಅವರಲ್ಲಿಯೇ ಕೇಳಿ ತೆಗೆದುಕೊಳ್ಳಿ.

ಕಿಟಕಿಯನ್ನು ಕಟ್ಟುವ ಕ್ರಮ ಹೀಗೆ. ನಾಲ್ಕು ಅಡಿ ಚೌಕದ ಕಿಟಕಿ ನಿಮ್ಮ ಗೋಡೆಯಲ್ಲಿ 14 ಮಿ.ಮೀ. ಚೌಕದ ರಂಧ್ರ. ನಿಮ್ಮ 3 ಮಿ.ಮೀ. ಸನ್‌ಬೋರ್ಡ್ 87 ಪಟ್ಟು ಹಿಗ್ಗಿದರೆ 26 ಸೆಂ.ಮೀ. ಆಗುತ್ತದೆ, ಅದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಎರಡೂ ಬದಿಗೆ ಪ್ಲಾಸ್ಟರ್ ಮಾಡಿದಾಗ ಬರುವ ದಪ್ಪ. ನೀವು ತಿಳಿದೋ ತಿಳಿಯದೆಯೋ ಬಹಳ ಸರಿಯಾದ ಸಾಮಗ್ರಿಯನ್ನೇ ಆರಿಸಿಕೊಂಡಿದ್ದೀರಿ, ಆ ದಪ್ಪವನ್ನು ಈಗ ಉಪಯೋಗಿಸಿಕೊಳ್ಳಿ. ಚೌಕಟ್ಟನ್ನು ಗಮ್ಮಿಂಗ್ ಶೀಟಿನ (ಹಿಂಬದಿಯಲ್ಲಿ ಅಂಟಿರುವ ಕಾಗದದ) ಮೇಲೆ ಮುದ್ರಿಸಿ. ನಾಲ್ಕು ಇಂಚಿನ ಮರ ಎಂದರೆ 1.17 ಮಿ.ಮೀ. ಅಗಲದ ಪಟ್ಟಿ. ಮೂರು ಕದದ ಕಿಟಕಿಯಾದರೆ ನಡುವೆ ಮೂರು ಮಿ.ಮೀ. ಅಗಲದ ಮೂರು ಕಿಂಡಿಗಳು ಉಳಿಯುತ್ತವೆ. ಮೊದಲು ಈ ಒಳಗಿನ ಕಿಂಡಿಗಳನ್ನು ಕತ್ತರಿಸಿ, ಹೊರ ಅಂಚನ್ನು ಕಡೆಯಲ್ಲಿ ಕತ್ತರಿಸಿ. ತಿರುವುಮುರುವು ಮಾಡಿದರೆ ಪಟ್ಟಿ ಹರಿಯುತ್ತದೆ. ಕಟರಿನ ಬ್ಲೇಡಿನ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿಕೊಳ್ಳಿ. ಈ ಚೌಕಟ್ಟನ್ನು ಸರಳು ಮುದ್ರಿಸಿದ ಪಾರದರ್ಶಕ ಹಾಳೆಯ ಮೇಲೆ ಅಂಟಿಸಿ, ಆ ಹಾಳೆಯನ್ನು ಗೋಡೆಯ ಹಿಂಬದಿಯಿಂದ ಕೂರಿಸಿ. ಹೊರಗಿನಿಂದ ನೋಡಿದಾಗ ಕಿಟಕಿ ಗೋಡೆಯ ಒಳಗೆ ಇಳಿದಿರುತ್ತದೆ. ನಿಮ್ಮ ಕೋಣೆಯ ದೀಪವೇ ಅಲ್ಲಿ ನೆರಳು ಬೀಳಿಸುತ್ತದೆ.

ಕತ್ತರಿಸಿದ ಕಾಗದದ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆಯಲ್ಲ, ಮುದ್ರಿತ ಮಾದರಿಯ ಗುಟ್ಟು ಬಿಟ್ಟುಕೊಡುವುದರಲ್ಲಿ ಅದನ್ನು ಮೀರಿದ್ದಿಲ್ಲ. ಪ್ರತಿಯೊಂದು ಅಂಚಿಗೂ ಅದರದೇ ಬಣ್ಣದ ಸ್ಕೆಚ್ ಪೆನ್ನು ಅಥವಾ ಒಣಗಿಸಿದ ಕುಂಚದಿಂದ ಜಲವರ್ಣ ಸವರಿ. ಬೇಸರದ ಕೆಲಸ, ಆದರೂ ಬಿಡಬೇಡಿ. ಇಷ್ಟು ಸಣ್ಣ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಬೇರೆ ಕೆಲಸ ಈ ಹವ್ಯಾಸದಲ್ಲಿ ನನಗೆ ಗೊತ್ತಿಲ್ಲ.

ಒಳಗಿನ ಕೋಣೆಗೆ ಒಂದು ಮುದ್ರಿತ ಹಿನ್ನೆಲೆ ಸಾಕು. ಹಾಳೆಯಿಂದ ಐದಾರು ಮಿ.ಮೀ. ಹಿಂದೆ, ಗಾಢವಾದ ಕಂದುಬೂದು ಬಣ್ಣದ ಒಂದು ಕಾಗದ. ಅದರ ಮೇಲೆ ಸ್ವಲ್ಪ ತಿಳಿಯಾದ ಗೋಡೆಯ ತುಂಡು, ಒಂದು ಬೀರುವಿನ ಅಂಚು, ಕ್ಯಾಲೆಂಡರಿನ ಆಯತ. ಇದನ್ನು ಕಿಟಕಿಗೇ ಒತ್ತಿ ಅಂಟಿಸಬೇಡಿ. ತಲೆ ಅತ್ತಿತ್ತ ಸರಿಸಿದಾಗ ಸರಳಿನ ಹಿಂದೆ ಕ್ಯಾಲೆಂಡರ್ ಸರಿಯಬೇಕು. ಆ ಸರಿದಾಟದಿಂದಲೇ ಕಣ್ಣು ಒಳಗೊಂದು ಕೋಣೆಯಿದೆ ಎಂದು ಒಪ್ಪಿಕೊಳ್ಳುತ್ತದೆ. ಎಲ್ಲ ಕಿಟಕಿಗಳಿಗೂ ಒಂದೇ ಹಿನ್ನೆಲೆ ಬೇಡ, ಕೆಲವಕ್ಕೆ ಬರೀ ಕತ್ತಲು ಸಾಕು. ಒಂದೆರಡು ಕದಗಳನ್ನು ಬೇರೆಯಾಗಿ ಮುದ್ರಿಸಿ, ಮಡಚಿ ಎರಡೂ ಬದಿ ಬಣ್ಣ ಬರುವಂತೆ ಮಾಡಿ, ಅರ್ಧ ತೆರೆದಂತೆ ನಿಲ್ಲಿಸಿ. ಒಂದೇ ಒಂದು ತೆರೆದ ಕದ ಇಡೀ ಗೋಡೆಯನ್ನು ಬದಲಿಸಿಬಿಡುತ್ತದೆ. ಸಜ್ಜಾವನ್ನೂ ಮುದ್ರಿಸದೆ ಕಟ್ಟಿ. ಐದರಿಂದ ಏಳು ಮಿ.ಮೀ. ಮುಂಚಾಚಿದ ಒಂದು ತುಂಡು ಐವರಿ ಬೋರ್ಡ್ (ನಯವಾದ ದಪ್ಪ ಕಾಗದ) ಸಾಕು. ಅದು ತನ್ನ ನೆರಳನ್ನು ತಾನೇ ಬೀಳಿಸುವುದರಿಂದ ನಿಮ್ಮ ಮುದ್ರಣದಲ್ಲಿ ನೆರಳು ಇರಲೇಬಾರದು, ಇದ್ದರೆ ಎರಡು ಸೂರ್ಯರಿರುವ ಊರಾಗುತ್ತದೆ. ಕಟ್ಟಡದ ಫೋಟೋ ತೆಗೆದು ಬಳಸುವುದಾದರೆ ಮೋಡ ಕವಿದ ದಿನ ತೆಗೆಯಿರಿ.

ರಾತ್ರಿಯ ದೀಪ ಹಾಕುವ ಯೋಚನೆ ಇದ್ದರೆ ಗೋಡೆಯ ಒಳಮೈಗೆ ಈಗಲೇ ಕಪ್ಪು ಬಳಿಯಿರಿ. ಇಲ್ಲವಾದರೆ ಎಲ್‌ಇಡಿ ಹೊತ್ತಿದ ಕೂಡಲೇ ಗೋಡೆಯೇ ಹೊಳೆಯುತ್ತದೆ. ಹಳೆಯ ಬಲ್ಬಿನ ಮನೆಗೆ 2700 ಕೆಲ್ವಿನ್‌ನ ಹಳದಿ ಬೆಳಕು, ಟ್ಯೂಬ್‌ಲೈಟಿನ ಟಿಕೆಟ್ ಕೌಂಟರಿಗೆ 6500 ಕೆಲ್ವಿನ್‌ನ ಬಿಳಿ ಬೆಳಕು.

ಅಂಗಡಿಯ ಶಟರ್ ಕೂಡ ಚಪ್ಪಟೆಯಲ್ಲ, ಅದಕ್ಕೆ ಏರಿಳಿತದ ಪಟ್ಟಿಗಳಿವೆ. ಮುದ್ರಿಸಿದ ಮೇಲೆ ಕಾಗದವನ್ನು ತಿರುಗಿಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು 0.9 ಮಿ.ಮೀ.ಗೊಂದರಂತೆ ಒತ್ತಿ ಗೆರೆ ಎಳೆಯಿರಿ. ಕೆಳಗೆ ದಪ್ಪ ರಟ್ಟು ಅಥವಾ ಕಟಿಂಗ್ ಮ್ಯಾಟ್ ಇರಲಿ.

ಈಗ ಬೋರ್ಡುಗಳು. ನನಗೆ ಅತಿ ಪ್ರಿಯವಾದ ಭಾಗ ಇದು, ಏಕೆಂದರೆ ಒಂದು ಮಾದರಿಯನ್ನು ನಮ್ಮ ಊರನ್ನಾಗಿ ಮಾಡುವುದು ಬೋರ್ಡುಗಳೇ. ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ಬೋರ್ಡು ನಿಮ್ಮ ಸಾಲಿನಲ್ಲಿ 35 ಮಿ.ಮೀ. ಅಗಲ, ಹತ್ತೂವರೆ ಮಿ.ಮೀ. ಎತ್ತರ. ಅಂಗಡಿಯ ಹೆಸರು ಒಂದಡಿ ಎತ್ತರದ್ದಾದರೆ ಮೂರೂವರೆ ಮಿ.ಮೀ., ಅದು ಸುಲಭವಾಗಿ ಬರುತ್ತದೆ. ಕೆಳಗಿನ ಸಾಲು ಹತ್ತು ಸೆಂ.ಮೀ. ಇದ್ದರೆ 1.15 ಮಿ.ಮೀ.; ಕನ್ನಡಕ್ಕೆ ಕಷ್ಟ ಶುರುವಾಗುವುದು ಅಲ್ಲಿಂದ. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಅಂತಸ್ತಿನದು. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಒಂದು ಮಿ.ಮೀ. ಸಾಲಿನಲ್ಲಿ ಒತ್ತಿಗೆ ಸಿಗುವುದು ಅದರ ಮೂರನೆಯ ಒಂದು ಭಾಗ, ಅಂದರೆ ಏಳೆಂಟು ಚುಕ್ಕೆ. ಸಾಮಾನ್ಯ ಬಾಂಡ್ ಕಾಗದದಲ್ಲಿ ಇಂಕ್‌ಜೆಟ್ ಶಾಯಿ ನಾರಿನ ಗುಂಟ ಹರಡಿದಾಗ ಅಷ್ಟೂ ಮುಚ್ಚಿಹೋಗುತ್ತದೆ. ಮೊದಲು ತುಂಬಿಕೊಳ್ಳುವುದು ಮಹಾಪ್ರಾಣದ ಸೀಳು ಮತ್ತು ಸಣ್ಣ ಸುಳಿಗಳು: ‘ಔಷಧ’ದ ಧ ಹೋಗಿ ದ ಆಗುತ್ತದೆ, ‘ಭವನ’ ಹೋಗಿ ‘ಬವನ’ ಆಗುತ್ತದೆ. ‘ಕಾಂಡಿಮೆಂಟ್ಸ್’, ‘ಅಯ್ಯಂಗಾರ್ ಬೇಕರಿ’ ಇವುಗಳ ಒತ್ತುಗಳು ಮಸಿ ಚುಕ್ಕೆಯಾಗುತ್ತವೆ.

ಇದಕ್ಕೆ ಮೂರು ಪರಿಹಾರಗಳಿವೆ. ಸಣ್ಣ ಸಾಲುಗಳಿಗೆ ಗೆರೆ ಒಂದೇ ದಪ್ಪವಿರುವ, ಸುಳಿಗಳು ಅಗಲವಾಗಿ ತೆರೆದಿರುವ ಅಕ್ಷರಶೈಲಿ ಆರಿಸಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತವಾಗಿ ಸಿಗುತ್ತವೆ, ಎರಡರಲ್ಲೂ ತೆಳುವಿನಿಂದ ದಪ್ಪದವರೆಗೆ ಹಲವು ಮಟ್ಟಗಳಿವೆ. ದಪ್ಪ ಮಟ್ಟ ಬೇಡ, ನಡುವಿನದು ಸಾಕು. ಅಕ್ಷರಗಳ ನಡುವಿನ ಜಾಗವನ್ನು ಸ್ವಲ್ಪ ಹಿಗ್ಗಿಸಿ. ಮತ್ತು ಬೋರ್ಡನ್ನು ಇಂಕ್‌ಸ್ಕೇಪ್‌ನಂತಹ ವೆಕ್ಟರ್ ತಂತ್ರಾಂಶದಲ್ಲೇ (ಚಿತ್ರವನ್ನು ಚುಕ್ಕೆಗಳ ಬದಲು ಗೆರೆಗಳಾಗಿ ಉಳಿಸುವಂಥದ್ದು) ರಚಿಸಿ ಪಿಡಿಎಫ್ ಆಗಿ ಉಳಿಸಿ. ಜೆಪಿಇಜಿ ಆಗಿ ಉಳಿಸಿದರೆ ಅಕ್ಷರದ ಸುತ್ತ ಕೊಳಕು ಮಂಜು ಕೂರುತ್ತದೆ, ಮೂರು ಮಿ.ಮೀ. ಅಕ್ಷರದಲ್ಲಿ ಅದು ಕಾಣದಿರಬಹುದು, ಒಂದು ಮಿ.ಮೀ. ಅಕ್ಷರವನ್ನು ಅದು ತಿಂದುಹಾಕುತ್ತದೆ. ಪಿಡಿಎಫ್ ಮಾಡುವ ಮುನ್ನ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿಬಿಡಿ, ಆಗ ಅಂಗಡಿಯ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಒಡೆಯುವುದಿಲ್ಲ. ಫೋನ್ ನಂಬರಿನಂತಹ ಇನ್ನೂ ಸಣ್ಣ ಸಾಲು ಓದಲು ಬರದಿದ್ದರೂ ಚಿಂತೆಯಿಲ್ಲ. 52 ಮೀಟರ್ ದೂರದಿಂದ ನಿಜವಾದದ್ದನ್ನೂ ಓದಲು ಕಷ್ಟವೇ.

ಅಕ್ಷರದ ರೂಪ ಬೋರ್ಡಿನ ಕಾಲವನ್ನು ಹೇಳುತ್ತದೆ. ಫ್ಲೆಕ್ಸ್ ಬರುವ ಮೊದಲು ಬೋರ್ಡುಗಳನ್ನು ಬರೆಯುತ್ತಿದ್ದವರು ಕುಂಚ ಹಿಡಿದ ಕಲಾವಿದರು. ಅವರ ಅಕ್ಷರಗಳಿಗೆ ಒಂದು ಬದಿಗೆ ಬಿದ್ದ ಬಣ್ಣದ ನೆರಳು, ಸುತ್ತ ತೆಳು ಅಂಚು, ಬೋರ್ಡಿನ ಮೂಲೆಯಲ್ಲಿ ಬರೆದವರ ಹೆಸರಿನ ಮುಂದೆ ‘ಆರ್ಟ್ಸ್’ ಎಂಬ ಪುಟ್ಟ ಸಹಿ. ಕೈಬರಹವಾದ್ದರಿಂದ ಒಂದೇ ಸಾಲಿನಲ್ಲಿ ಎರಡು ‘ರ’ ಇದ್ದರೆ ಎರಡೂ ಒಂದೇ ತರಹ ಇರುವುದಿಲ್ಲ. ಫಾಂಟಿನಲ್ಲಿ ಬರೆದು ಗೆರೆಗಳಾಗಿ ಪರಿವರ್ತಿಸಿದ ಮೇಲೆ ಒಂದೊಂದು ಅಕ್ಷರವನ್ನು ಒಂದಿಷ್ಟು ಓರೆ ಮಾಡಿ, ಒಂದಿಷ್ಟು ಅಗಲಿಸಿ; ಬೋರ್ಡು ತಟ್ಟನೆ ಜೀವಂತವಾಗುತ್ತದೆ. ಫ್ಲೆಕ್ಸ್ ಕಾಲದ ಬೋರ್ಡು ಬೇಕೆಂದರೆ ಇದರ ತದ್ವಿರುದ್ಧ: ಜಾಗ ತುಂಬಿಸಲು ಅಡ್ಡಡ್ಡ ಎಳೆದ ಫಾಂಟು, ಬಣ್ಣದಿಂದ ಬಣ್ಣಕ್ಕೆ ಜಾರುವ ಹಿನ್ನೆಲೆ, ದೇವರ ಚಿತ್ರ, ದೊಡ್ಡ ಮೊಬೈಲ್ ನಂಬರು.

ಕಾಲ ತಪ್ಪಿದ ಬೋರ್ಡು ಒಳ್ಳೆಯ ಮುದ್ರಣವನ್ನೂ ಹಾಳು ಮಾಡುತ್ತದೆ. ಪಿನ್‌ಕೋಡ್ ಬಂದದ್ದು 1972ರಲ್ಲಿ. ನಮ್ಮ ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಅದಕ್ಕೂ ಹಿಂದಿನ ಸರ್ಕಾರಿ ಫಲಕಗಳಲ್ಲಿ ‘ಮೈಸೂರು ರಾಜ್ಯ’ ಇರಬೇಕು. ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ರೂಪಾಯಿಯ ಈಗಿನ ಚಿಹ್ನೆ 2010ರದು. ಅದಕ್ಕೂ ಮೊದಲಿನ ಹೋಟೆಲಿನ ದರಪಟ್ಟಿಗೆ ‘ರೂ.’ ಸರಿ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆಯ ಪ್ರಕಾರ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇವತ್ತಿನ ಬೆಂಗಳೂರಿನ ಬೀದಿ ಮಾಡುವವರು ಇದನ್ನು ಅಳತೆಯಾಗಿಯೇ ಬಳಸಬಹುದು. ಊರಿನ ಭಾಗವೂ ಮುಖ್ಯ. ಹುಬ್ಬಳ್ಳಿಯ ಕಡೆಯ ಬೀದಿಗೆ ‘ಖಾನಾವಳಿ’, ಹಳೇ ಮೈಸೂರಿನ ಬೀದಿಗೆ ‘ಮಿಲಿಟರಿ ಹೋಟೆಲ್’.

ನಿಲ್ದಾಣದ ಫಲಕದಲ್ಲಿ ಹಳದಿಯ ಮೇಲೆ ಕಪ್ಪು ಅಕ್ಷರ. ಕನ್ನಡ, ಹಿಂದಿ, ಇಂಗ್ಲಿಷ್ ಮೂರು ಸಾಲು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಸಣ್ಣದಾಗಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಮೈಸೂರಿನಂತಹ ಊರಿಗೆ ಅದರಿಂದ ಬದಲಾದದ್ದು ಇಂಗ್ಲಿಷ್ ಸಾಲಿನ ಕಾಗುಣಿತ ಮಾತ್ರ. ಕಲಬುರಗಿ, ವಿಜಯಪುರಗಳ ಹಳೆಯ ನಿಲ್ದಾಣ ಮಾಡುವವರು ಕನ್ನಡ ಸಾಲಿನಲ್ಲೂ ಗುಲ್ಬರ್ಗಾ, ಬಿಜಾಪುರ ಎಂದೇ ಬರೆಯಬೇಕು. ನೈಋತ್ಯ ರೈಲ್ವೆ ಕೆಲಸ ಆರಂಭಿಸಿದ್ದು 2003ರಲ್ಲಿ, ಅದಕ್ಕೂ ಹಿಂದಿನ ನಿಲ್ದಾಣದ ಮೇಲೆ ಆ ಹೆಸರು ಇರಕೂಡದು.

ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ ಎಂದಿರಿ. ಪರದೆಯ ಮೇಲೆ ಆರಿಸಿದ ಅಚ್ಚ ಹಳದಿ, ಅಚ್ಚ ಕಪ್ಪು ಹಾಗೆಯೇ ಮುದ್ರಣವಾದರೆ ಸಣ್ಣ ವಸ್ತುವಿನ ಮೇಲೆ ಇನ್ನೂ ತೀಕ್ಷ್ಣವಾಗಿ ಕಾಣುತ್ತವೆ. ನಿಜವಾದ ಬೋರ್ಡಿನ ಬಣ್ಣವನ್ನು ದೂಳು, ಬಿಸಿಲು ಮತ್ತು ನಡುವಿನ ಗಾಳಿ ಎಲ್ಲ ಸೇರಿ ಮೆತ್ತಗಾಗಿಸಿರುತ್ತವೆ. ಕಪ್ಪಿನ ಬದಲು ಶೇಕಡ 85ರ ಬೂದು ಬಳಸಿ. ರೈಲ್ವೆ ಹಳದಿಗೆ ಶೇಕಡ 10-15 ಮಜೆಂಟಾ ಸೇರಿಸಿದರೆ ನಿಂಬೆಯ ಛಾಯೆ ಹೋಗಿ ಎಣ್ಣೆಬಣ್ಣದ ಹಳದಿ ಬರುತ್ತದೆ. ಎಲ್ಲ ಬಣ್ಣಗಳ ತೀವ್ರತೆಯನ್ನೂ ಒಂದು ಹಂತ ಇಳಿಸಿ, ಅದೇ ಕಾಗದದ ಮೇಲೆ ನಾಲ್ಕೈದು ಛಾಯೆಗಳನ್ನು ಪಕ್ಕಪಕ್ಕ ಮುದ್ರಿಸಿ, ಮಾದರಿಯ ಪಕ್ಕದಲ್ಲಿಟ್ಟು ಆರಿಸಿ. ಮುದ್ರಣದ ಮೇಲೆ ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ಹೊಳಪು ಹೋಗುತ್ತದೆ, ಶಾಯಿಗೂ ರಕ್ಷಣೆ. ಇಂಕ್‌ಜೆಟ್‌ನ ಡೈ ಶಾಯಿ ನೀರು ತಾಗಿದರೆ ಹರಿಯುವುದರಿಂದ ನೀರಿನಂಶದ ವಾರ್ನಿಷನ್ನು ಅದರ ಮೇಲೆ ಕುಂಚದಲ್ಲಿ ಹಚ್ಚಬೇಡಿ. ಆಮೇಲೆ ಮಳೆಯ ಕಲೆ. ನಮ್ಮ ಕಟ್ಟಡಗಳಲ್ಲಿ ನೀರು ಸಜ್ಜಾದ ಎರಡು ತುದಿಗಳಿಂದ ಇಳಿದು ಗೋಡೆಯ ಮೇಲೆ ಕಪ್ಪು ಪಟ್ಟೆ ಮಾಡುತ್ತದೆ. ಮಲೆನಾಡಾದರೆ ಬುಡದಲ್ಲಿ ಪಾಚಿಯ ಹಸಿರು, ಬಯಲುಸೀಮೆಯಾದರೆ ಮೊಳಕಾಲೆತ್ತರಕ್ಕೆ ಕೆಂಪು ದೂಳು. ಪೇಸ್ಟಲ್ ಸೀಮೆಸುಣ್ಣವನ್ನು ಉಜ್ಜಿ ಪುಡಿ ಮಾಡಿ ಒಣ ಕುಂಚದಲ್ಲಿ ಸವರಿ. ಗೋಡೆ ಮತ್ತು ಬೋರ್ಡು ಎರಡರ ಮೇಲೂ ಕೊಳೆ ಒಟ್ಟಿಗೆ ಹರಿದಿರಬೇಕು, ಆಗ ಅವು ಒಂದೇ ಮಳೆಯಲ್ಲಿ ನೆನೆದಂತೆ ಕಾಣುತ್ತವೆ.

ಬೋರ್ಡಿಗೆ ದಪ್ಪ ಕಾಗದ ಬೇಡ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವೇ ಸುಮಾರು 0.1 ಮಿ.ಮೀ., ಅಂದರೆ ಹಿಗ್ಗಿಸಿದರೆ ಒಂಬತ್ತು ಮಿ.ಮೀ. ದಪ್ಪದ ತಗಡು. ಫ್ಲೆಕ್ಸ್ ಬೋರ್ಡಾದರೆ ಹಿಂದೆ ತೆಳು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟು ಮಾಡಿ ಗೋಡೆಯಿಂದ ಒಂದು ಮಿ.ಮೀ. ಮುಂದೆ ನಿಲ್ಲಿಸಿ. ಗೋಡೆಯ ಮೇಲೇ ಬರೆದ ಜಾಹೀರಾತಾದರೆ ಕಾಗದದ ಹಿಂಬದಿಯನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಇನ್ನೂ ತೆಳ್ಳಗೆ ಮಾಡಿ ಅಂಟಿಸಿ, ಬೆರಳಿನಿಂದ ಒತ್ತಿದರೆ ಗೋಡೆಯ ಉಬ್ಬುತಗ್ಗು ಅದರಲ್ಲೂ ಮೂಡುತ್ತದೆ. ಅಂಟಿಸಲು ಫೆವಿಕಾಲ್ ಬಳಸುವುದಾದರೆ ಅತಿ ತೆಳುವಾಗಿ ಹಚ್ಚಿ. ಅದರ ನೀರಿಗೆ ಕಾಗದ ಸುಕ್ಕುಗಟ್ಟುತ್ತದೆ. ಸಣ್ಣ ಬೋರ್ಡುಗಳಿಗೆ ಗ್ಲೂ ಸ್ಟಿಕ್ ವಾಸಿ.

ಕೊನೆಗೆ ಪ್ರಿಂಟರ್. ಕೊಳ್ಳಬೇಡಿ. ಕಿಟಕಿಯ ಹಿನ್ನೆಲೆ, ಶಟರ್, ಗೋಡೆ ಇವಕ್ಕೆ ನಿಮ್ಮ ಇಂಕ್‌ಜೆಟ್ ಸಾಕು. ಬಾಂಡ್ ಕಾಗದದ ಬದಲು ಮ್ಯಾಟ್ ಫೋಟೋ ಕಾಗದ ಹಾಕಿ. ಅಕ್ಷರವಿರುವ ಬೋರ್ಡುಗಳನ್ನೂ ಸರಳಿನ ಹಾಳೆಯನ್ನೂ ಒಳ್ಳೆಯ ಕಲರ್ ಲೇಸರ್ ಇರುವ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ. ಲೇಸರಿನ ಪುಡಿ ಕಾಗದದ ಮೇಲೆಯೇ ಕರಗಿ ಕೂರುವುದರಿಂದ ನಾರಿನೊಳಗೆ ಹರಡುವುದಿಲ್ಲ, ಸಣ್ಣ ಒತ್ತುಗಳು ಬಿಡಿಬಿಡಿಯಾಗಿ ಬರುತ್ತವೆ. ಒಂದು ಎ4 ಪುಟದಲ್ಲಿ ಇಡೀ ಬೀದಿಯ ಬೋರ್ಡುಗಳು ಹಿಡಿಯುತ್ತವೆ, ಆದ್ದರಿಂದ ಪ್ರತಿಯೊಂದನ್ನೂ ಎರಡು ಮೂರು ಪ್ರತಿ ಇಟ್ಟುಕೊಳ್ಳಿ, ಕತ್ತರಿಸುವಾಗ ಕೈ ತಪ್ಪುವುದು ಸಹಜ. ಪುಟದ ಒಂದು ಅಂಚಿನಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿಡಿ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಇದ್ದರೆ ತೆಗೆಸಿ ಶೇಕಡ 100ರಲ್ಲೇ ಮುದ್ರಿಸಲು ಹೇಳಿ, ಮತ್ತು ಹಣ ಕೊಡುವ ಮೊದಲು ಅಲ್ಲೇ ಸ್ಕೇಲ್ ಇಟ್ಟು ಆ ಗೆರೆ ಅಳೆಯಿರಿ. 97 ಬಂದಿದ್ದರೆ ನಿಮ್ಮ 14 ಮಿ.ಮೀ. ರಂಧ್ರಕ್ಕೆ ಚೌಕಟ್ಟು ಸುಮಾರು ಅರ್ಧ ಮಿ.ಮೀ. ಚಿಕ್ಕದಾಗಿ, ಸುತ್ತಲೂ ಸಂದು ಕಾಣುತ್ತದೆ. ಆಯ್ಕೆ ಸರಿಪಡಿಸಿ ಮತ್ತೊಮ್ಮೆ ಮುದ್ರಿಸಿಕೊಂಡು ಬನ್ನಿ.